ಮ್ಯಾಗ್ನೆಟ್ಟಿನ ಕೆಳಗೆ

"ಚೈನು ಬಿಗೀತಾ ಕೂತ್ರೆ ತೂತು ನಿಮ್ಮಪ್ಪ ಬಂದು ಕೊರೀತಾನೇನೋ, ಬೋಳಿಮಗನೆ? ಬಿಚ್ಚೋ ಅದನ್ನ!"

ಎಂಜಿನಿಯರ್ ಹೀಗೆ ಬೈದಾಗ ಅಣ್ಣ ಗರ್ಡರಿನಡಿ ಅಂಗಾತ ಮಲಗಿದ್ದ. ಎದೆಯ ನೇರಕ್ಕೆ ಮೇಲೆ, ಗರ್ಡರಿನ ಕಬ್ಬಿಣಕ್ಕೆ ಕಚ್ಚಿಕೊಂಡ ಮ್ಯಾಗ್ನೆಟ್ ಡ್ರಿಲ್. ಕರೆಂಟಿದ್ದಷ್ಟು ಹೊತ್ತು ಅದರ ಹಿಡಿತ. ಕರೆಂಟು ಹೋದರೆ ಚೈನೇ ಗತಿ. ಅಣ್ಣ ಚೈನು ಬಿಚ್ಚಿದ. ನಾಲ್ಕನೆಯ ತೂತಿಗೆ ಕರೆಂಟು ಹೋಯಿತು. ಯಂತ್ರ ಅವನ ಎದೆಗೂಡಿನೊಳಗೆ ಇಳಿಯಿತು.

'ಕುಡಿದು ಕೆಲಸಕ್ಕೆ ಬಂದಿದ್ದ' ಎಂದು ಎಂಜಿನಿಯರ್ ವರದಿ ಬರೆದ.

"ಹೆಣದ ಬಾಯಿಗೂ ಹೆಂಡ ಸುರಿದ್ನಲ್ಲೋ, ಪಾಪಿ," ಎಂದಳು ಅತ್ತಿಗೆ. ಅಣ್ಣ ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ.

ತಿಂಗಳ ಮೇಲೆ ತನಿಖೆಗೆ ಇನ್‌ಸ್ಪೆಕ್ಟರ್ ಬಂದ. ಅಣ್ಣನ ಜಾಗದಲ್ಲಿ ಈಗ ನಾನು ಕೊರೆಯುತ್ತಿದ್ದೆ.

"ಚೈನಿಲ್ದೆ ನಮ್ಮಲ್ಲಿ ಕೆಲಸಾನೇ ಇಲ್ಲ ಸಾರ್. ಕುಡುಕ್ ನನ್ಮಕ್ಳನ್ನ ಯಾರು ಕಾಯ್ತಾರೆ?" ಎನ್ನುತ್ತ ಎಂಜಿನಿಯರ್ ನನ್ನತ್ತ ತಿರುಗಿದ. "ಏಳೋ ಆಚೆ. ಸಾಹೇಬ್ರಿಗೆ ನಾನೇ ತೋರಿಸ್ತೀನಿ."

ಮೋಟಾರ್ ನಿಲ್ಲಿಸಿದೆ. ಮ್ಯಾಗ್ನೆಟ್ ನಿಲ್ಲಿಸಲಿಲ್ಲ. ಈಚೆ ತೆವಳಿ ಬರುವಾಗ ಚೈನು ಕಳಚಿ ತಂದೆ. ಅವನು ಒಳಗೆ ತೂರಿ ಅಂಗಾತ ಮಲಗಿದ. ನಾನು ಕಂಬದಲ್ಲಿದ್ದ ಡ್ರಿಲ್ಲಿನ ಪ್ಲಗ್ಗಿಗೆ ಕೈಯಿಟ್ಟೆ.

"ಸಾರ್, ಅಲ್ಲಾಡ್ಬೇಡಿ. ಚೈನಿಲ್ಲ."

"ಲೇ... ಏನ್ ಮಾಡ್ತಿದೀಯೋ?"

"ನಮ್ಮಣ್ಣ ಕುಡಿದಿದ್ನಾ?"

ಇನ್‌ಸ್ಪೆಕ್ಟರ್ ನನ್ನ ಕಡೆ ನುಗ್ಗಿದ. ಗ್ಯಾಸ್ ಕಟರ್ ಹಿಡಿಯುವ ದಡಿಯ ಗೋಡೆಯಂತೆ ಅಡ್ಡ ನಿಂತ. "ನೀವು ಬರ್ಕೊಳ್ಳಿ ಸಾರ್, ಸಾಕು."

"ಇಲ್ಲ... ಕುಡಿದಿರ್ಲಿಲ್ಲ," ಎಂದ ಎಂಜಿನಿಯರ್.

"ಚೈನು ಬಿಚ್ಸಿದ್ಯಾರು?"

"ನಾನೇ ಕಣಪ್ಪಾ, ನಾನೇ! ನಿನ್ ದಮ್ಮಯ್ಯ, ಕೈ ತೆಗಿಯೋ!"

ಅವನ ಪ್ಯಾಂಟು ಒದ್ದೆಯಾಯಿತು. ಶೆಡ್ಡಿನಲ್ಲಿ ಒಂದೊಂದೇ ಯಂತ್ರ ನಿಂತಿತು. ಯಾರೂ ನಗಲಿಲ್ಲ. ಇನ್‌ಸ್ಪೆಕ್ಟರನ ಪೆನ್ನು ಕಾಗದದ ಮೇಲೆ ಓಡಿತು.

"ಬರ್ದಾಯ್ತು. ಇನ್ನು ಕೈ ತೆಗಿ," ಎಂದ.

"ದಡಿಯಾ, ಅತ್ತಿಗೇನ ಕರ್ಕೊಂಡ್ ಬಾ. ಅವಳ ಮುಂದೆ ಇನ್ನೊಂದ್ಸಲ ಹೇಳ್ಲಿ."

"ಮನೆ ದೂರ ಕಣೋ. ಬರೋಕೆ ಗಂಟೆ ಮೇಲಾಗುತ್ತೆ."

ಎಂಜಿನಿಯರ್ ಮೇಲಿನ ಯಂತ್ರವನ್ನೇ ನೋಡುತ್ತಿದ್ದ. ನನ್ನ ಅಂಗೈ ಪ್ಲಗ್ಗಿನ ಮೇಲೆ ಬೆವರುತ್ತಿತ್ತು.

"ಆಗ್ಲಿ," ಎಂದೆ. "ನಿಧಾನಕ್ಕೆ ನಡೆಸ್ಕೊಂಡು ಬಾ."