ಮೇಲಿನಿಂದ ಕಂಡ ಮೂರು ಟ್ಯಾಂಕು

ಲಾಸ್ ಏಂಜಲೀಸ್‌ನ ದಕ್ಷಿಣಕ್ಕಿರುವ ಸೊರೆಂಟೊ ವ್ಯಾಲಿಯ ಆಫೀಸಿನಲ್ಲಿ ಹರಿಣಿ ಮೊಸರನ್ನದ ಡಬ್ಬಿ ತೆರೆದಿದ್ದಳು. ದೂರದ ದ್ವೀಪಗಳಿಗೆ ಸರ್ಕಾರ ಕೊಡುವ ಅಭಿವೃದ್ಧಿ ಹಣದ ಅರ್ಜಿಗಳನ್ನು ಪರಿಶೀಲಿಸುವುದು ಅವಳ ಕಂಪನಿಯ ಗುತ್ತಿಗೆ. ದ್ವೀಪಕ್ಕೆ ಯಾರೂ ಹೋಗುವುದಿಲ್ಲ. ಉಪಗ್ರಹದ ಚಿತ್ರ ನೋಡಿ, ಸೌಲಭ್ಯ ಇದೆ ಅಥವಾ ಇಲ್ಲ ಎಂದು ಟಿಕ್ ಹಾಕುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇಲ್ಲಿ ಕೆಸರಿನ ಗೊಡವೆಯೇ ಇರಲಿಲ್ಲ.

ಅಷ್ಟರಲ್ಲಿ ಪೆಸಿಫಿಕ್‌ನ ಸಣ್ಣ ದ್ವೀಪವೊಂದರ ನರ್ಸ್ ಬಂದಳು. ರೋಗಿಯೊಬ್ಬನನ್ನು ಲಾಸ್ ಏಂಜಲೀಸ್‌ನ ಆಸ್ಪತ್ರೆಗೆ ಸೇರಿಸಿ, ತಮ್ಮ ಊರಿನ ನೀರಿನ ಅರ್ಜಿ ತಿರಸ್ಕರಿಸಿದ ಪತ್ರದಲ್ಲಿದ್ದ ವಿಳಾಸ ಹುಡುಕಿಕೊಂಡು ರೈಲಿನಲ್ಲಿ ಬಂದಿದ್ದಳು.

"ಊರಲ್ಲಿ ಮೂರು ನೀರಿನ ಟ್ಯಾಂಕ್ ಇದೆ ಅಂತ ಬರೆದಿದ್ದೀರಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನ್ ಮುಂದಿಟ್ಟಳು.

ಚಿತ್ರದಲ್ಲಿ ಬಿಳಿ ಮುಚ್ಚಳದ ಟ್ಯಾಂಕು ಪಕ್ಕದಲ್ಲಿ ಸೀಳಿಹೋಗಿತ್ತು. ಒಳಗೆ ಕೋಳಿಗಳು ಮಲಗಿದ್ದವು.

"ಚಂಡಮಾರುತಕ್ಕೆ ಮೂರೂ ಒಡೆದವು. ಅರವತ್ತು ಮನೆಗೆ ವಾರಕ್ಕೊಮ್ಮೆ ದೋಣಿಯಲ್ಲಿ ನೀರು. ದೋಣಿ ಬರದಿದ್ದರೆ ಉಪ್ಪುಬಾವಿ."

ಹರಿಣಿ ಡಬ್ಬಿ ಮುಚ್ಚಿದಳು. ಉಪಗ್ರಹದ ಚಿತ್ರದಲ್ಲಿ ಆ ಮುಚ್ಚಳಗಳ ಬಿಳಿ ವೃತ್ತಗಳನ್ನು ಕಂಡು ಟಿಕ್ ಹಾಕಿದವಳು ಅವಳೇ.

ಮ್ಯಾನೇಜರ್ ಉದಯಶಂಕರ ಅವಳನ್ನು ಪಕ್ಕಕ್ಕೆ ಕರೆದರು. "ದುಡ್ಡು ಬೇರೆ ದ್ವೀಪಕ್ಕೆ ಹೋಗಾಯ್ತಮ್ಮ. ಅಲ್ಲೂ ಜನಾನೇ ಇರೋದು. ನೀನೀಗ ತಪ್ಪು ಒಪ್ಕೊಂಡ್ರೆ ಅದು ವಾಪಸ್ ಬರಲ್ಲ. ನಿನ್ನ ಕೆಲಸ ಹೋಗುತ್ತೆ, ಹಿಂದೇನೇ ವೀಸಾನೂ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲ ಇಲ್ಲ."

"ಎರಡೇ ನಿಮಿಷ ನೋಡಿದ್ದೆ ಸರ್. ಒಂದು ಫೋನ್ ಮಾಡಿ ಕೇಳಬಹುದಿತ್ತು."

"ನಲವತ್ತು ಫೈಲಿಗೆ ಮೂರು ದಿನ ಕೊಟ್ಟವನು ನಾನು," ಎಂದರು ಅವರು, ದನಿ ತಗ್ಗಿಸಿ.

ಹೊರಡುವ ಮುನ್ನ ನರ್ಸ್ ಆಫೀಸಿನ ನೀರಿನ ಕೂಲರ್‌ನಲ್ಲಿ ಬಾಟಲಿ ತುಂಬಿಕೊಂಡಳು. ಬ್ಯಾಗಿನಿಂದ ಇನ್ನೂ ಮೂರು ಖಾಲಿ ಬಾಟಲಿ ತೆಗೆದು ಅವನ್ನೂ ತುಂಬಿದಳು. "ಅಭ್ಯಾಸ," ಎಂದು ಸಂಕೋಚದಿಂದ ನಕ್ಕಳು. ಹರಿಣಿಗೆ ಅಳು ಬಂತು.

ಅವಳು ಅಂದೇ ತನ್ನ ಹೆಸರಿನಲ್ಲಿ ತಪ್ಪೊಪ್ಪಿಗೆ ಬರೆದು ಸರ್ಕಾರಿ ಇಲಾಖೆಗೆ ಕಳಿಸಿದಳು. ಮರುದಿನವೇ ಉತ್ತರ ಬಂತು: ಈ ಸಲದ ಹಂಚಿಕೆ ಮುಗಿದಿದೆ, ಮುಂದಿನದು ಮೂರು ವರ್ಷದ ನಂತರ. ಅವಳ ವಿಷಯ ವಿಚಾರಣೆಗೆ ಹೋಗಿದೆ.

ಮೇಜಿನ ಮೇಲೆ ಮುಂದಿನ ದ್ವೀಪದ ಫೈಲಿತ್ತು. ಚಿತ್ರದಲ್ಲಿ ಮತ್ತೊಂದು ಬಿಳಿ ವೃತ್ತ. ನೀರಿನ ಸೌಲಭ್ಯ ಇದೆಯೇ ಎಂಬಲ್ಲಿ ಅವಳು 'ನಾನು ನೋಡಿಲ್ಲ' ಎಂದು ಬರೆದಳು.

"ಹೀಗೆ ಬರೆದ್ರೆ ಫೈಲು ವಾಪಸ್ ಬರುತ್ತಮ್ಮ," ಎಂದರು ಹಿಂದೆ ನಿಂತಿದ್ದ ಉದಯಶಂಕರ.

"ಗೊತ್ತು ಸರ್."

ಅವರು ಬಗ್ಗಿ, ಅರ್ಜಿಯಲ್ಲಿದ್ದ ಆ ದ್ವೀಪದ ಫೋನ್ ನಂಬರನ್ನು ಓದಿ ಹೇಳಿದರು. ಹರಿಣಿ ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು. ಅವಳು ಮತ್ತೆ ಒತ್ತಿದಳು.