ಬೆಂಕಿ ತುದಿಯ ಕೆಂಪು

ಬೆರಳಷ್ಟುದ್ದ, ಕಪ್ಪಗೆ, ಗಟ್ಟಿಯಾಗಿ, ಒಗೆಯಲು ತೆಗೆದುಕೊಂಡ ಗಂಡನ ಶರ್ಟಿನ ಜೇಬಿನಲ್ಲಿ ಚುಟ್ಟಾ, ಅರ್ಧ ಸೇದಿ ಆರಿಸಿಟ್ಟದ್ದು, ಇದ್ದದ್ದೇ ಬಿಡು ಎಂದು ಬಿಸಾಡಲು ಹೋದ ಕಮಲಮ್ಮನ ಕೈ ನಿಂತಿತು — ಕೆಂಪು, ಎಲೆಅಡಿಕೆಯ ಕೆಂಪು, ಅದೂ ಕಚ್ಚುವ ತುದಿಗಲ್ಲ, ಸುಟ್ಟ ತುದಿಯ ಸುತ್ತ. ಚನ್ನಕೇಶವ ಎಲೆ ಹಾಕುವವನಲ್ಲ, ಬೆಂಕಿಯ ತುದಿಯನ್ನು ಬಾಯೊಳಗಿಟ್ಟು ಸೇದುವವನೂ ಅಲ್ಲ, ಹಾಗೆ ಸೇದುವುದು ಅವನ ಊರು ಅಂಚೆಟ್ಟಿ ಕಡೆಯ ಹೆಂಗಸರು, ಮದುವೆಯಾದ ವರ್ಷವೇ ನೋಡಿದ್ದಳಲ್ಲ, ಅವನ ಸೋದರಮಾವನ ಮಗಳು ಅಂಜಿನಮ್ಮ, ಜಗಲಿಯ ಮೇಲೆ ಕಾಲು ಚಾಚಿ, ಕಿಡಿಯನ್ನು ತುಟಿಯೊಳಗೆ ಮುಚ್ಚಿಕೊಂಡು, ಮೂಗಿನಲ್ಲಿ ಹೊಗೆ ಬಿಡುತ್ತ — ಅವಳನ್ನೇ ಇವನಿಗೆ ತರಬೇಕೆಂದಿದ್ದರು, ಹಿರಿಯರಲ್ಲಿ ಮನಸ್ತಾಪ ಬಂತು, ಮಾಲೂರಿನಿಂದ ತಾನು ಬಂದಳು. ಈಗ ಅವಳಿಗೆ ಗಂಡ ಇಲ್ಲ, ತವರು ಸೇರಿದ್ದಾಳೆ, ಇವನಿಗೆ ಕಂಪನಿ ಕೆಲಸ ಇಲ್ಲ, ಶನಿವಾರ ಬಂತೆಂದರೆ ಹೊಲ ನೋಡ್ಕೊಂಡು ಬತ್ತೀನಿ ಕಣೇ, ಭಾನುವಾರ ಬಂದು ಬಸ್ಸು ತಪ್ಪೋಯ್ತು ಕಣೇ, ಮಾವನ ಮನೇಲೇ ಮಲಕ್ಕೊಂಡ್ಬುಟ್ಟೆ. ಅಯ್ಯೋ ಪಾಪ, ವಾರ ವಾರವೂ ತಪ್ಪುವ ಆ ಬಸ್ಸು ಯಾವುದಪ್ಪಾ!

ಬಚ್ಚಲಲ್ಲಿ ಚೊಂಬಿನ ಸದ್ದು, ಸೋಪೆಲ್ಲಿಟ್ಟೇ ಕಮ್ಲಾ, ಅಲ್ಲೇ ಐತೆ ನೋಡಿ, ಎಂದವಳೇ ಒಗೆಯುವ ಕಲ್ಲಿನ ಮರೆಗೆ ಕೂತು ಕಡ್ಡಿ ಗೀರಿದಳು, ಅದೇನು ರುಚಿಯೋ ನೋಡೇಬಿಡೋಣ. ಮೊದಲು ಕಹಿ, ಥೂ, ಕೆಮ್ಮು, ಕಣ್ಣಲ್ಲಿ ನೀರು, ಆಮೇಲೆ ಮೆಣಸಿನ ಸಾರು ಇಳಿದ ಹಾಗೆ ಗಂಟಲು ಬೆಚ್ಚಗೆ, ಅದರ ಹಿಂದೆಯೇ ಬೆಲ್ಲ, ಸೀದ ಬೆಲ್ಲ, ಲವಂಗ — ಹಾಳಾದ್ದು, ಎಷ್ಟು ಚೆನ್ನಾಗಿದೆ! ಇನ್ನೊಂದು ದಮ್ಮು, ಇನ್ನೊಂದು, ಇದನ್ನೇ ಅಲ್ಲವೇ ಮದುವೆಯಾದ ಹೊಸದರಲ್ಲಿ ಆಸೆಪಟ್ಟು ಕೇಳಿದ್ದು, ನಂಗೂ ಒಂದ್ ದಮ್ ಕೊಡಿ, ಥೂ, ಮಾನವಂತ್ರ ಮನೆ ಹೆಂಗಸ್ರು ಸೇದ್ತಾರೇನೇ, ಎಂದು ಮುಖ ತಿರುಗಿಸಿದ್ದ, ಮೂವತ್ತು ವರ್ಷ ಅವನ ಬಾಯಿಯ ವಾಸನೆ ತನಗೆ, ರುಚಿ ಅವಳಿಗೆ. ಹೆಂಡತಿ ಕುಡಿದ ಲೋಟದಲ್ಲಿ ನೀರು ಕುಡಿಯಲು ಎಂಜಲು ಎನ್ನುವವನು ಒಂದೇ ಚುಟ್ಟಾವನ್ನು ಅವಳ ಜೊತೆ — ಇವನು ಎಳೆದು ಕೊಟ್ಟಿರುತ್ತಾನೆ, ಅವಳು ತಿರುಗಿಸಿ ಬಾಯಿಗಿಟ್ಟು, ನಕ್ಕು, ಮತ್ತೆ ಇವನ ಕೈಗೆ — ಹೊಟ್ಟೆ ಉರಿಯುತ್ತದೆ, ಉರಿಯದೆ ಏನು, ಈಗ ಹೊರಗೆ ಬರಲಿ, ಮುಖದ ಮುಂದೆ ಹಿಡಿಯುತ್ತಾಳೆ, ಇದು ಯಾರ ಬಾಯಿ ಕೆಂಪು ಹೇಳಿ — ಎಂದು ನೋಡಿದರೆ ಕೆಂಪೆಲ್ಲಿ? ಬೂದಿ. ರುಚಿಗೆ ಬಿದ್ದು ಸಾಕ್ಷಿಯನ್ನೇ ಸುಟ್ಟುಕೊಂಡಳಲ್ಲ, ಥೂ ಕಮಲಮ್ಮ, ನಿನ್ನ ಬುದ್ಧಿಗಿಷ್ಟು! ಬಚ್ಚಲಲ್ಲಿ ನೀರಿನ ಸದ್ದು ನಿಂತಿದೆ, ಅವನು ಮೂಸುತ್ತಿದ್ದಾನೆ, ಕಮ್ಲಾ, ಹೊಗೆ ವಾಸ್ನೆ ಬತ್ತೈತಲ್ಲ, ಅಂಜಿನಿ ಬಂದವ್ಳಾ? — ಅಂಜಿನಿ, ಸಾಕ್ಷಿ ಅವನ ಬಾಯಿಂದಲೇ ಬಂತಲ್ಲ, ಎಷ್ಟು ಮೆತ್ತಗೆ, ಎಷ್ಟು ಸಂತೋಷ ಆ ದನಿಯಲ್ಲಿ, ಮೂವತ್ತು ವರ್ಷ ಕಮ್ಲಾ ಎಂದು ಕರೆದನಲ್ಲ, ಒಂದು ಸಲವಾದರೂ ಹೀಗೆ, ಬಂದವ್ಳಾ, ಬೂದಿ ಉದುರಿತು, ಕಿಡಿ, ಎಲೆಯ ಕೆಂಪಿದ್ದ ಜಾಗದಲ್ಲೇ ಕಿಡಿ, ಬಂದವ್ಳಾ, ಅದೇ ಜಾಗ, ಅದೇ ಕೆಂಪು, ಈಗ ತನ್ನ ಕೈಯಲ್ಲಿ ಆ ಕೆಂಪು —