ಒಂದೆರಡು ಕಡೆ ಗುಡುಗು ಸಹಿತ ಮಳೆ

ನನ್ನ ಬಾಯಿ ಜೋರು ಎಂದು ಸಂಜಯನಗರದ ನಮ್ಮ ಅಡ್ಡರಸ್ತೆಗೆಲ್ಲ ಗೊತ್ತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು, ಕೊನೆಯ ಬೆಂಚಿಗೂ ಕೇಳುವ ಹಾಗೆ ಮಾತಾಡಿ ಅಭ್ಯಾಸ. "ವೇಣುಗೋಪಾಲ ಮೇಷ್ಟ್ರು ಅನ್ನೋ ಬೋರ್ಡೇ ಬೇಡ ನಮ್ಮನೆಗೆ, ನಿಮ್ಮ ಗಂಟ್ಲು ಸಾಕು" ಎಂದು ಹೆಂಡತಿ ತುಂಗಾ ಹಂಗಿಸುತ್ತಿರುತ್ತಾಳೆ. ಈ ಏಪ್ರಿಲ್‌ನಲ್ಲಿ ಅವಳು ತಂಗಿಯ ಮನೆಗೆಂದು ಹದಿನೈದು ದಿನ ಮೈಸೂರಿಗೆ ಹೋದಳು. ಮನೆಯಲ್ಲಿ ಉಳಿದದ್ದು ನಾನು, ಫ್ಯಾನು ಮತ್ತು ಫೋನಿನಲ್ಲಿ ಬರುವ ಹವಾಮಾನ ಮುನ್ಸೂಚನೆ.

ಈ ಮುನ್ಸೂಚನೆಯ ಹುಚ್ಚು ನನಗೆ ಸುಮ್ಮನೆ ಹಿಡಿದದ್ದಲ್ಲ. ನಮ್ಮ ಗೇಟಿನೆದುರು ಒಂದು ಗುಲ್‌ಮೊಹರ್ ಮರವಿದೆ. ಮನೆ ಕಟ್ಟಿಸಿದ ವರ್ಷ ನಾನೇ ನೆಟ್ಟದ್ದು. ಹೋದ ವರ್ಷ ಪಾಲಿಕೆಯಿಂದ ಕೊಂಬೆ ಸವರುವವರು ಏಣಿ, ಗರಗಸ ಹಿಡಿದು ಬಂದರು. ರಸ್ತೆಯ ಮೇಲೆ ಚಾಚಿದ ದೊಡ್ಡ ಕೊಂಬೆಯನ್ನು ತೋರಿಸಿ, "ಇದು ಒಳಗೆ ಟೊಳ್ಳಾಗಿದೆ ಸಾರ್, ತೆಗೀಲೇಬೇಕು" ಎಂದರು. ನಾನು ಕೇಳಬೇಕಲ್ಲ! "ಮರ ಕಡಿಯೋಕೆ ನಿಮಗೊಂದು ನೆಪ ಬೇಕಷ್ಟೆ" ಎಂದು ಕೂಗಾಡಿ ಓಡಿಸಿಬಿಟ್ಟೆ.

ಆ ಕೊಂಬೆಯ ಕೆಳಗೇ ರಾಧಾಮಣಿಯ ಇಸ್ತ್ರಿ ಗಾಡಿ ನಿಲ್ಲುವುದು. ಸಿಟ್ಟು ಇಳಿದ ಮೇಲೆ ನೋಡಿದೆ, ಕೊಂಬೆಯ ಬುಡದಲ್ಲಿ ನಿಜವಾಗಿಯೂ ಬಿರುಕಿತ್ತು. ಅವತ್ತಿನಿಂದ ನನಗೆ ಭಯ ಹಿಡಿಯಿತು. ತಪ್ಪಾಯಿತು, ಬಂದು ಕಡಿಯಿರಿ ಎಂದು ಫೋನ್ ಮಾಡಬಹುದಿತ್ತು. ಅಷ್ಟು ಕೂಗಾಡಿ ಆಮೇಲೆ ಯಾವ ಮುಖ ಇಟ್ಟುಕೊಂಡು ಮಾಡುವುದು?

ರಾಧಾಮಣಿ ಪಕ್ಕದ ಗೆದ್ದಲಹಳ್ಳಿಯ ಹಳೇ ಊರಿನವಳು. ಇಪ್ಪತ್ತು ವರ್ಷದಿಂದ ನಮ್ಮ ಇಡೀ ರಸ್ತೆಯ ಬಟ್ಟೆ ಅವಳ ಕೈಯಲ್ಲೇ ಇಸ್ತ್ರಿಯಾಗುತ್ತದೆ. ಅವಳದ್ದು ಇದ್ದಿಲು ತುಂಬುವ ಹಳೆಯ ಪೆಟ್ಟಿಗೆ. "ಬೇರೆ ಕಡೆ ಗಾಡಿ ಹಾಕ್ಕೋಬಾರ್ದೇನಮ್ಮಾ?" ಎಂದು ಒಮ್ಮೆ, ಕೊಂಬೆಯ ವಿಷಯ ಹೇಳದೆ, ಕೇಳಿದ್ದೆ.

"ಎಲ್ಲಿಗೋಗ್ಲಿ ಮೇಷ್ಟ್ರೇ? ಮೇಲೆ ಬಿಸ್ಲು, ಕೈಯಾಗೆ ಕೆಂಡ. ಈ ರಸ್ತೇಲಿ ನೆರಳು ಅಂತ ಇರೋದು ನಿಮ್ ಮರದ್ದೊಂದೇ" ಎಂದಳು. ನಮ್ಮ ಪೋರ್ಟಿಕೋದಲ್ಲೂ ನೆರಳಿತ್ತು. ಅಲ್ಲಿ ವಾರಕ್ಕೊಮ್ಮೆ ತೆಗೆಯುವ ನನ್ನ ಕಾರು ಹೊದಿಕೆ ಹೊದ್ದು ಮಲಗಿತ್ತು. ಆ ವಿಚಾರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ತುಂಗಾ ಹೋದ ಮರುದಿನದಿಂದ ಮುನ್ಸೂಚನೆ ಒಂದೇ ರಾಗ. ಮಧ್ಯಾಹ್ನ ಬಿಸಿಲಿನ ತಾಪ ಹೆಚ್ಚು, ಸಂಜೆ ಒಂದೆರಡು ಕಡೆ ಬಿರುಗಾಳಿ, ಗುಡುಗು ಸಹಿತ ಮಳೆ. ನಾನು ಗಡಿಯಾರ ನೋಡಿಕೊಂಡು ಸರಿಯಾಗಿ ನಾಲ್ಕಕ್ಕೆ ಗೇಟಿಗೆ ಬಂದು ಕೂಗುತ್ತಿದ್ದೆ: "ರಾಧಾಮಣೀ, ಗಂಟು ಕಟ್ಟು! ಗಾಡಿ ತಳ್ಳು!"

ಪಾಪ, ಅವಳು ಕೆಂಡ ಆರಿಸಿ, ಅರ್ಧಂಬರ್ಧ ಆದ ಬಟ್ಟೆಗಳನ್ನೆಲ್ಲ ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಗಾಡಿಯನ್ನು ರಸ್ತೆಯ ಕೊನೆಗೆ ತಳ್ಳಿಕೊಂಡು ಹೋಗುತ್ತಿದ್ದಳು. ಮಳೆ ಬರುತ್ತಿತ್ತೇ? ಬರುತ್ತಿತ್ತು, ಬೇರೆಯವರಿಗೆ. ಅಮೃತಹಳ್ಳಿಯಿಂದ ಗೆಳೆಯ ಶಿವರಾಮ್ ಫೋನ್ ಮಾಡಿ, "ಆಲಿಕಲ್ಲು ಬೀಳ್ತಿದೆ ಕಣೋ ಇಲ್ಲಿ! ನಿಮ್ಮ ಕಡೆ ಹೆಂಗೆ?" ಎನ್ನುತ್ತಿದ್ದ. ನಮ್ಮ ಕಡೆ ಧೂಳು. ಆ ಒಂದೆರಡು ಕಡೆಯಲ್ಲಿ ಸಂಜಯನಗರ ಇರಲೇ ಇಲ್ಲ.

ಏಳನೆಯ ದಿನ ನಾನು ಕೂಗಿದಾಗ ರಾಧಾಮಣಿ ಪೆಟ್ಟಿಗೆಯನ್ನು ಧಡ್ ಎಂದು ಕುಕ್ಕಿದಳು.

"ಸಾಕು ಮಾಡಿ ಮೇಷ್ಟ್ರೇ! ದಿನಾ ನಾಕಕ್ಕೆ ಇಂಗೇ ಕೆಂಡ ಆರಿಸ್ಕೊಂಡು ಓಡ್ತಿದ್ರೆ ಬಟ್ಟೆ ಯಾವಾಗ ಮಾಡ್ಲಿ? ಆಫೀಸ್ನೋರೆಲ್ಲ ನನ್ನ ಬಯ್ತಾವ್ರೆ. ನಿಮ್ ಮಳೆ ಬರಾಕಿಲ್ಲ, ನನ್ ಕೆಲ್ಸ ಆಗಾಕಿಲ್ಲ!"

ಎದುರು ಮನೆಯ ಜಯಂತ್ ಸ್ಕೂಟರ್ ನಿಲ್ಲಿಸುತ್ತಿದ್ದವನು, "ಅಂಕಲ್, ನಿಮ್ಮ ಮಳೆ ಹೆಬ್ಬಾಳ ಫ್ಲೈಓವರ್‌ನಲ್ಲಿ ಸಿಕ್ಕಾಕ್ಕೊಂಡಿರ್ಬೇಕು" ಎಂದ. ಸುತ್ತ ಇದ್ದವರೆಲ್ಲ ನಕ್ಕರು. ರಾಧಾಮಣಿಯೂ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ಒಳ್ಳೇದಕ್ಕೆ ಹೇಳಿದರೆ ಇದೇ ಗತಿ! ಇನ್ನು ಮೇಲೆ ತುಟಿ ಪಿಟಿಕ್ ಎನ್ನುವುದಿಲ್ಲ ಎಂದು ಗೇಟು ಬಡಿದು ಒಳಗೆ ಬಂದೆ.

ಮರುದಿನ ಮೂವತ್ತೇಳು ಡಿಗ್ರಿ. ಗೋಡೆ ಮುಟ್ಟಿದರೆ ಬಿಸಿ. ಮಧ್ಯಾಹ್ನ ಮುನ್ಸೂಚನೆ ನೋಡಿದರೆ ಎಚ್ಚರಿಕೆಯ ಬಣ್ಣ ಹಳದಿಯಿಂದ ಕಿತ್ತಳೆಗೆ ತಿರುಗಿತ್ತು. ಗಾಳಿಯ ವೇಗವೂ ಹೆಚ್ಚು. ಫೋನನ್ನು ಬೋರಲು ಹಾಕಿದೆ. ಕಿಟಕಿಗೆ ಪರದೆ ಎಳೆದು ಕುರ್ಚಿಯಲ್ಲಿ ಕೂತೆ.

ನಾಲ್ಕಾಯಿತು. ದೂರದಲ್ಲೆಲ್ಲೋ ಗುಡುಗಿತು, ಎಂದಿನಂತೆ ಕರೆಂಟು ಹೋಯಿತು. ಒಮ್ಮೆ ಎದ್ದು ಬಾಗಿಲವರೆಗೂ ಹೋದೆ, ಚಿಲಕದ ಮೇಲೆ ಕೈಯಿಟ್ಟೆ. ನಿನ್ನೆಯ ನಗು ಕಿವಿಯಲ್ಲಿ ಕೇಳಿಸಿತು. ಬೇಡ, ಇವತ್ತು ನೆನೆಯಲಿ, ಬುದ್ಧಿ ಬರುತ್ತದೆ ಎಂದುಕೊಂಡು ವಾಪಸು ಬಂದು ಕೂತೆ. ಬರೀ ನೆನೆಯುವುದಷ್ಟೇ ಮನಸ್ಸಿನಲ್ಲಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೊಂಬೆಯೂ ನೆನಪಿತ್ತು. ನೆನಪಿದ್ದೂ ಕೂತೆ.

ಐದು ನಿಮಿಷ ಕಳೆದಿರಬಹುದು, ಗಾಳಿ ನುಗ್ಗಿತು. ಯಾರದೋ ತಾರಸಿಯ ತಗಡು ಹಾರಿ ಬಿದ್ದ ಸದ್ದು. ಕಿಟಕಿಗಳೆಲ್ಲ ಬಡಿದುಕೊಂಡವು. ಆಗ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಬಾಗಿಲು ತೆಗೆದು "ರಾಧಾಮಣೀ!" ಎಂದು ಕಿರುಚಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಚಟಚಟನೆ ಶಬ್ದವಾಯಿತು. ನನ್ನ ಕಣ್ಣೆದುರೇ ಆ ಕೊಂಬೆ ಮುರಿದು ಕೆಳಗೆ ಬಂತು.

ಗಾಡಿ ಕಾಣಿಸಲೇ ಇಲ್ಲ. ರಸ್ತೆ ತುಂಬ ಎಲೆ, ಕೆಂಪು ಹೂವು. ಬರಿಗಾಲಲ್ಲಿ ಓಡಿದೆ. ಆಲಿಕಲ್ಲು ಬೋಳುತಲೆಗೆ ಬಡಿಯುತ್ತಿತ್ತು. ಮಂಡಿಯೂರಿ ಕೂತು ಸಿಕ್ಕ ಸಿಕ್ಕ ರೆಂಬೆಯನ್ನು ಎಳೆದೆ. ಒಳಗೆ ಗಾಡಿಯ ಮುರಿದ ಹಲಗೆ, ಯಾರದೋ ಬಿಳಿ ಶರ್ಟಿನ ತೋಳು. "ಅಯ್ಯೋ ತಾಯೀ, ನಾನು ಪಾಪಿ, ಗೊತ್ತಿದ್ದೂ ಹೇಳ್ಲಿಲ್ವಲ್ಲಮ್ಮಾ" ಎಂದು ಅಳುತ್ತ ಎಳೆಯುತ್ತಿದ್ದೆ.

"ಮೇಷ್ಟ್ರೇ! ಅಲ್ಲೇನ್ ಮಾಡ್ತಿದ್ದೀರಿ? ಮೇಲಿರೋದೂ ಬೀಳ್ತದೆ, ಈಚೆ ಬನ್ನಿ!"

ತಿರುಗಿ ನೋಡಿದೆ. ನಮ್ಮ ಪೋರ್ಟಿಕೋದಲ್ಲಿ, ಕಾರಿನ ಪಕ್ಕ ರಾಧಾಮಣಿ ನಿಂತಿದ್ದಳು. ಕೈಯಲ್ಲಿ ಮುಚ್ಚಳ ಹಾಕಿದ ಸ್ಟೀಲ್ ಡಬ್ಬಿ. ನಾನು ಏಳಲಾರದೆ ಅಲ್ಲೇ ಕೂತೆ. ಅವಳೇ ಬಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

"ನೀನು... ಗಾಡಿ ಹತ್ರ ಇರ್ಲಿಲ್ವಾ?"

"ನಾಕ್ ಗಂಟೆ ಆದ್ರೂ ನೀವು ಕೂಗ್ಲಿಲ್ಲ" ಎಂದಳು. "ಅಮ್ಮಾವ್ರೂ ಊರಲ್ಲಿಲ್ಲ. ಈ ಬಿಸ್ಲಲ್ಲಿ ತಲೆ ಸುತ್ತಿ ಬಿದ್ಬಿಟ್ರೋ ಏನೋ ಅಂತ ಎದೆ ಡವಡವ ಅಂತು. ನನ್ ಮಜ್ಜಿಗೆ ಡಬ್ಬಿ ಇಡ್ಕೊಂಡು ಬಂದೆ. ಬೆಲ್ ಒತ್ತಿದ್ರೆ ಕರೆಂಟಿಲ್ಲ. ಬಾಗ್ಲು ತಟ್ಟಿದೆ, ಆ ಗಾಳಿ ಗಲಾಟೇಲಿ ನಿಮ್ಗೆಲ್ಲಿ ಕೇಳ್ಬೇಕು? ಹಿಂದಿನ ಕಿಟಕೀಲಿ ನೋಡಾನ ಅಂತ ಹೋದೆ, ಅಷ್ಟ್ರಲ್ಲಿ ಈ ಸದ್ದು."

ಆಮೇಲೆ ಅವಳ ಕಣ್ಣು ರಸ್ತೆಯ ಕಡೆ ಹೋಯಿತು. ಇಪ್ಪತ್ತು ವರ್ಷದ ಗಾಡಿ. "ಜನಗಳ ಬಟ್ಟೆ!" ಎಂದು ಹೊರಟವಳ ಸೆರಗು ಹಿಡಿದು ನಿಲ್ಲಿಸಿದೆ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

ಅವಳ ಮುಂದೆ ಮುಚ್ಚಿಡಲು ನನಗೆ ಆಗಲಿಲ್ಲ. "ನನಗೇನೂ ಆಗಿರ್ಲಿಲ್ಲ ಕಣಮ್ಮಾ. ಮಳೆ ಬರುತ್ತೆ ಅಂತ ಗೊತ್ತಿತ್ತು. ಕೊಂಬೆ ಟೊಳ್ಳು ಅಂತಾನೂ ಗೊತ್ತಿತ್ತು. ನಿನ್ನೆ ನೀನು ನಕ್ಕಿದ್ದಕ್ಕೆ ಸಿಟ್ಟು ಮಾಡ್ಕೊಂಡು ಬೇಕಂತಲೇ ಸುಮ್ನೆ ಕೂತಿದ್ದೆ."

ರಾಧಾಮಣಿ ನನ್ನನ್ನೇ ನೋಡಿದಳು. ನನಗೆ ತಲೆ ಎತ್ತಲಾಗಲಿಲ್ಲ. ಕೊನೆಗೆ ಡಬ್ಬಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಳು.

"ಮೊದ್ಲು ಇದ್ ಕುಡೀರಿ. ಬಯ್ಯೋದು ಆಮೇಲೆ ಬಯ್ತೀನಿ."

ಬೈದಳು, ಬಿಡಲಿಲ್ಲ. ಮಳೆ ನಿಲ್ಲುವವರೆಗೂ ಬೈದಳು. ಅಷ್ಟು ಸಮಾಧಾನ ನನಗೆ ಯಾರ ಬೈಗುಳದಿಂದಲೂ ಸಿಕ್ಕಿರಲಿಲ್ಲ. ಮಳೆ ನಿಂತ ಮೇಲೆ ನಾನೇ ಕೊಂಬೆ ಸವರುವವರಿಗೆ ಫೋನ್ ಮಾಡಿ, ಹೋದ ವರ್ಷ ತಪ್ಪು ನನ್ನದೇ ಎಂದು ಹೇಳಿ ಕರೆಸಿದೆ. ಜಯಂತ್ ಮತ್ತು ಅಕ್ಕಪಕ್ಕದವರು ಬಂದು ಹೂವಿನಡಿಯಿಂದ ಬಟ್ಟೆಗಳನ್ನು ಹೆಕ್ಕಿಕೊಟ್ಟರು. ಗಾಡಿ ಪುಡಿಪುಡಿ. ಇಸ್ತ್ರಿ ಪೆಟ್ಟಿಗೆ ಮಾತ್ರ ಉಳಿದಿತ್ತು, ಹಿಡಿ ಸ್ವಲ್ಪ ಸಡಿಲವಾಗಿತ್ತಷ್ಟೆ.

ಮರುದಿನ ಬೆಳಿಗ್ಗೆ ಕಾರನ್ನು ರಸ್ತೆಗೆ ತಂದು ನಿಲ್ಲಿಸಿದೆ. ಪೋರ್ಟಿಕೋ ಗುಡಿಸಿ, ನಮ್ಮ ಊಟದ ಮೇಜನ್ನು ಜಯಂತನ ಕೈಲಿ ಹಿಡಿಸಿ ಅಲ್ಲಿ ಹಾಕಿಸಿದೆ. ಫೋನಿನಲ್ಲಿ ತುಂಗಾ, "ನನ್ನ ಡೈನಿಂಗ್ ಟೇಬಲ್ಲಾ?" ಎಂದಳು, ಆಮೇಲೆ ನಡೆದದ್ದನ್ನೆಲ್ಲ ಕೇಳಿ, "ಮೇಲೆ ದಪ್ಪ ಕಂಬಳಿ ಹಾಸಿಕೊಡಿ" ಎಂದಳು. ರಾಧಾಮಣಿ ಕೆಂಡ ಹಾಕಿ ಕೆಲಸ ಶುರು ಮಾಡಿದಳು.

ಮಧ್ಯಾಹ್ನ ನನಗೆ ಜೊಂಪು ಹತ್ತಿತ್ತು. ಹೊರಗಿನಿಂದ ದನಿ ಕೇಳಿತು.

"ಮೇಷ್ಟ್ರೇ, ನಾಕಾಯ್ತು. ಯಾಕೆ ಕೂಗ್ಲಿಲ್ಲ?"

"ಸೂರಿನ ಕೆಳಗಿದ್ದೀಯಲ್ಲಮ್ಮಾ. ಇನ್ನು ಏನಂತ ಕೂಗ್ಲಿ?"

"ಏನಾರ ಕೂಗಿ. ಮೇಷ್ಟ್ರು ಚೆನ್ನಾಗವ್ರೆ ಅಂತ ನಂಗೆ ಗೊತ್ತಾಗ್ಬೇಕಲ್ಲ."

ಎದ್ದು ಬಾಗಿಲಿಗೆ ಬಂದೆ. ಕೊನೆಯ ಬೆಂಚಿಗೂ ಕೇಳುವ ಹಾಗೆ ಕೂಗಿದೆ.